ಗಂಗಾಳದಲ್ಲಿ ಬಿಟ್ಟದ್ದು

೯ ಮಾರ್ಚ್ ೧೯೩೭, ಗೋಕಾಕ
ಬೆಳಿಗ್ಗೆ ಇಂಗ್ಲಿಷ್ ಪಾಠಕ್ಕೆ ಮತ್ತೆ ಬಂದ ಬಸವಣ್ಣೆಪ್ಪ. ಅರಳೆ ದಲಾಲರ ಮಗ, ನನ್ನ ತಂಗಿ ಸುಂದ್ರವ್ವನಿಗೆ ಗೊತ್ತಾದ ವರ. ಅರಳೆ ಕೊಳ್ಳುವ ಗಿರಣಿಯ ಬಿಳಿ ಸಾಹೇಬರ ಮುಂದೆ ಮಿಂಚಲು ಯಾರಿಗೂ ಗೊತ್ತಿಲ್ಲದ ಇಂಗ್ಲಿಷ್ ಶಬ್ದ ಬೇಕಂತೆ. ಅದೂ ಚಿಕ್ಕದು, ಉದ್ದದ್ದಕ್ಕೆ ನಾಲಿಗೆ ಹೊರಳುವುದಿಲ್ಲ. ‘ಪೆಲ್ಫ್’ ಕೊಟ್ಟೆ. ಹೀನ ದುಡ್ಡು, ಹಳೆಯ ಫ್ರೆಂಚಿನಲ್ಲಿ ಕೊಳ್ಳೆ ಹೊಡೆದ ಮಾಲು. “ಭಾರೀ ಐತ್ರಿ ಮಾಸ್ತರ” ಎಂದು ಎಲೆಯಡಿಕೆ ಉಗುಳಿದ. ಕಟ್ಟೆಯೆಲ್ಲ ಕೆಂಪು. ಥೂ.

೧೨ ಮಾರ್ಚ್
ಇಂದು ‘ಓರ್ಟ್’. ಉಂಡವರು ಬಿಟ್ಟ ಎಂಜಲು. ಜರ್ಮನ್ ಸೀಮೆಯ ಹಳೆಯ ಶಬ್ದ, ಒಳಗೆ ‘ತಿನ್ನು’ ಕೂತಿದೆ. ಬಹಳ ಹಿಗ್ಗಿದ. ಬಂಗಲೆಯಲ್ಲಿ ಸಾಹೇಬರು ಪಿಂಗಾಣಿ ಬಶಿಯಲ್ಲಿ ಒಂದಿಷ್ಟು ಬಿಟ್ಟೇ ಏಳುತ್ತಾರಂತೆ.
“ಎಲ್ಲಾ ಉಂಡ್ರ ಹಸಗೊಂಡು ಬಂದಾರ ಅಂತಾರ್ರಿ ಅವ್ರು.”
ಲಿಂಗಕ್ಕೆ ತೋರಿಸಿದ ಅನ್ನ ಪ್ರಸಾದ, ಬಿಡುವಂತಿಲ್ಲ; ನಾವು ಗಂಗಾಳ ತೊಳೆದು ಆ ನೀರನ್ನೂ ಕುಡಿಯುವವರು. ಬಸವಣ್ಣೆಪ್ಪನ ಮನೆಯಲ್ಲೂ ಅಷ್ಟೇ. ಇವನಿಗೇನಾಗಿದೆ...

೧೯ ಮಾರ್ಚ್, ಸಂಜೆ
ನಿಶ್ಚಯದ ಊಟ. ಅವ್ವ ನಸುಕಿನಿಂದ ಹೋಳಿಗೆ ಮಾಡಿದ್ದಳು. ಮಹಾರಾಯ ಕೇಳಿ ಕೇಳಿ ಬಡಿಸಿಕೊಂಡ. ಒಂದೊಂದನ್ನೂ ಕಚ್ಚಿ ಬಿಟ್ಟ. ಸಿಗರೇಟಿನ ತುಂಡನ್ನು ತುಪ್ಪದಲ್ಲಿ ಅದ್ದಿ ಆರಿಸಿದ. ನನ್ನ ಕಡೆ ನೋಡಿ ಹೆಮ್ಮೆಯಿಂದ, “ಓರ್ಟ್.” ಅಸಹ್ಯ. ಕಲಿಸಿದ ನಾನೂ ಅಸಹ್ಯ.
ಅವರೆಲ್ಲ ಹೋದ ಮೇಲೆ ಸುಂದ್ರವ್ವ ಕೇಳಿದಳು: “ಅಣ್ಣಾ, ಇಂಥಾವನ ಜೋಡಿ ಹೆಂಗ ಬಾಳೇ ಮಾಡ್ಲಿ?”
ಅವ್ವ ಅತ್ತಳು. “ಸೀರಿ ಉಡಿಸಿ ಹೋಗ್ಯಾರ. ಈಗ ಒಲ್ಲೆ ಅಂದ್ರ ಮತ್ಯಾರು ಬರ್ತಾರ ನಿನ್ನ ಕೇಳಾಕ?”


೨೦ ಮಾರ್ಚ್
ಏನೂ ಆಗಿಲ್ಲವೆಂಬಂತೆ ಬಸವಣ್ಣೆಪ್ಪ ಪಾಠಕ್ಕೆ ಬಂದ. ಸುಂದ್ರವ್ವ ತಾನೇ ಹೊರಗೆ ಬಂದು ಗಂಗಾಳ ಇಟ್ಟಳು. ಒಂದು ಹೋಳಿಗೆ, ಬಾಜೂ ನೀರಿನ ತಂಬಿಗೆ.
“ಉಣ್ರಿ. ತೊಳದು ಕುಡೀರಿ. ಇಲ್ಲಂದ್ರ ನಿಮ್ಮ ಸೀರಿ ಒಯ್ರಿ.”
“ಮಾಸ್ತರ, ತಂಗಿಗೆ ಬುದ್ಧಿ ಹೇಳ್ರಿ.”
“ಕುಡೀರಿ” ಎಂದೆ.
ಉಂಡ. ನೀರು ಸುರಿದು ಗಂಗಾಳ ಅಲುಗಿಸಿದ. ಬೀದಿಯಲ್ಲಿ ಯಾರೋ ಪರಿಚಯದವರು ಹೋಗುತ್ತಿದ್ದರು. ಕುಡಿದರೆ ಹಸಗೊಂಡವನೆಂದಾರು ಎಂಬಂತೆ ಅವರನ್ನು ನೋಡಿ ನಕ್ಕು, ನೀರನ್ನು ಹೊರಗೆ ಚೆಲ್ಲಿದ.
ಸುಂದ್ರವ್ವ ಸೀರೆ ತಂದಳು. ಅವ್ವ ಬಾಗಿಲಿಗೆ ಅಡ್ಡ ನಿಂತಳು. ನಾನು ಅವ್ವನ ಕೈ ಹಿಡಿದು ಪಕ್ಕಕ್ಕೆ ಸರಿಸಿದೆ. ಸುಂದ್ರವ್ವ ಹೊರಗೆ ಹೋಗಿ ಸೀರೆಯನ್ನು ಅವನ ಮುಂದಿಟ್ಟಳು.