ಮೈಕಿಗೆ ಉದ್ದದ ವೈರು

ನೆಯಾಫು, ವವಾಉ ದ್ವೀಪ
೧೪ ಆಗಸ್ಟ್ ೨೦೦೮, ಗುರುವಾರ

ಪ್ರೀತಿಯ, ಗೌರವದ ಲಾತು ಅಕ್ಕಾ,

ನಿಮ್ಮ ಕಣ್ಣು ಹೇಗಿದೆ? ಆಕ್ಲೆಂಡಿನ ಚಳಿ ಮೊಣಕಾಲಿಗೆ ಇಳಿದಿದೆಯೇ? ಡಾಕ್ಟರು ಕೊಟ್ಟ ಹನಿ ತಪ್ಪದೆ ಹಾಕಿಸಿಕೊಳ್ಳಿ, ಸಕ್ಕರೆ ಚಹಾ ಕುಡಿದು "ಕುಡಿದಿಲ್ಲ" ಅನ್ನಬೇಡಿ. ಇದನ್ನು ನಿಮಗೆ ಓದಿ ಹೇಳುವವಳು ನಿಮ್ಮ ಮಗಳು ಕಲಿಸಿ ಅಂತ ನನಗೆ ಗೊತ್ತು. ಕಲಿಸಿ, ಸೋದರಮಾವನ ಕೋಳಿಕಾಲಿನ ಅಕ್ಷರ ಕಂಡು ಬೇಕಾದಷ್ಟು ನಗು. ನಮ್ಮ ಪದ್ಧತಿಯಲ್ಲಿ ಮಾವನ ತಟ್ಟೆಯಿಂದ ಕಿತ್ತು ತಿನ್ನುವ ಹಕ್ಕೇ ಸೊಸೆ ನಿನಗಿರುವಾಗ ಇದೇನು ಮಹಾ! ಆದರೆ ಎಲ್ಲಿ 'ಬಿಡು' ಅಂತ ಬರೆದಿದ್ದೇನೋ ಅಲ್ಲಿ ಅಮ್ಮನಿಗೆ ಓದಬೇಡ. ಅಕ್ಕನ ಮುಂದೆ ತಮ್ಮ ತಮಾಷೆ ಮಾಡುವುದು ನಮ್ಮಲ್ಲಿಲ್ಲ, ತಲೆ ನೆರೆತ ಮೇಲೆ ನನ್ನಿಂದ ಅದು ಶುರುವಾಗುವುದು ಬೇಡ.

ಆ ಶುಕ್ರವಾರದ ಸುದ್ದಿ ನಿಮಗೆ ಮುಟ್ಟಿರುವುದು ಅರ್ಧ ಮಾತ್ರ ಅಕ್ಕಾ. "ಕೆಪು ಸಿನಿಮಾ ಹಾಲಿನಲ್ಲಿ ಊರಿನ ಮಾನ ತೆಗೆದ" ಅಂತ ಯಾರೋ ಫೋನಿನಲ್ಲಿ ಹೇಳಿದರಂತೆ. ಊರಿನ ಮಾನ ಎಲ್ಲಿಗೂ ಹೋಗಿಲ್ಲ, ಹೋಗಿದ್ದು ನನ್ನದು. ಇಷ್ಟು ವರ್ಷ ಪರದೆಯ ಪಕ್ಕ ಮೈಕು ಹಿಡಿದು ನಿಂತು, ಪರದೇಶದವರು ಆಡಿದ್ದನ್ನು ನಮ್ಮ ಮಾತಿನಲ್ಲಿ ಹೇಳಿದವನು ನಾನು. ಬರೀ ಅಮೆರಿಕದ ಚಿತ್ರ, ಬರೀ ಬಂದೂಕು, ಬರೀ ಕಾರು. ನಿದ್ದೆಯಲ್ಲೂ ಹೇಳಿಬಿಡುತ್ತಿದ್ದೆ. ಈಸ್ಟರಿನ ಹೊತ್ತಿಗೆ ಬಂದರಿನಲ್ಲಿ ಹಾಯಿದೋಣಿಯ ಹೆಂಗಸೊಬ್ಬಳು ಊರಿಗೆ ಹೊರಡುವಾಗ ಒಂದು ಪೆಟ್ಟಿಗೆ ಡಿಸ್ಕು ನನ್ನ ಕೈಗೆ ಹಾಕಿ ಹೋದಳು. ಎಲ್ಲ ಬೇರೆ ಬೇರೆ ದೇಶದವು. ಯಾವುದರ ಮಾತೂ ನಮಗೆ ಗೊತ್ತಿಲ್ಲ, ಕೆಳಗೆ ಇಂಗ್ಲಿಷ್ ಅಕ್ಷರವೂ ಓಡುವುದಿಲ್ಲ.

ಮೊದಲು ಹಾಕಿದ್ದರಲ್ಲಿ ಕಲ್ಲುಬೆಟ್ಟದ ಮುದುಕನೊಬ್ಬ ಕಳೆದುಹೋದ ಮೇಕೆ ಹುಡುಕುತ್ತಾನೆ. ಅಷ್ಟೇ ಕಥೆ. ಮೀನು ಹಿಡಿಯುವ ಸೆಮಿಸಿ ಇದ್ದಾನಲ್ಲ, ಯಾವಾಗಲೂ ಮುಂದಿನ ಚಾಪೆಯವನು, "ಕೆಪು, ಗುಂಡು ಯಾವಾಗ ಹಾರುತ್ತೋ?" ಅಂತ ಕೂಗಿದ. "ಇಲ್ಲಿ ಗುಂಡು ಹಾರಲ್ಲ ಕಣೋ, ಮೇಕೆ ಹಾರುತ್ತೆ, ಸುಮ್ನೆ ಕೂತ್ಕೋ" ಅಂದೆ. ಅರ್ಧ ಮುಗಿಯುವಷ್ಟರಲ್ಲಿ ಇಡೀ ಹಾಲು ಎದ್ದು ನಿಂತು "ಬಂಡೆ ಹಿಂದೆ ಇದೆ ಅಜ್ಜಾ, ತಿರುಗಿ ನೋಡು!" ಅಂತ ಅರಚುತ್ತಿತ್ತು. ಮೇಕೆ ಸಿಕ್ಕಾಗ ಸೆಮಿಸಿ ಕಣ್ಣೊರೆಸಿಕೊಂಡು, ಸೊಳ್ಳೆಗೆ ಹಾಕಿದ ಹೊಗೆ ಕಣ್ಣಿಗೆ ಬಂತು ಅಂದ. ಅಂದಿನಿಂದ ನನಗೆ ಹುಚ್ಚು ಹತ್ತಿತು. ಸಂತೆಯಲ್ಲಿ, ಬಂದರಿನಲ್ಲಿ, ಚರ್ಚಿನ ಬಾಗಿಲಲ್ಲಿ, ಸಿಕ್ಕವರಿಗೆಲ್ಲ ಹೇಳಿದೆ: ಗುಂಡು ಬೇಕಾದರೆ ಮನೆಯಲ್ಲಿರಿ, ಮನುಷ್ಯರು ಬೇಕಾದರೆ ಶುಕ್ರವಾರ ಬನ್ನಿ. ಕಲಿಸಿ, ಅಲ್ಲಿನ ಲೈಬ್ರರಿಯಲ್ಲಿ ಇಂಥವು ಸಿಗುತ್ತವಂತೆ. ನಿನಗೆ ಒಂದಕ್ಷರವೂ ತಿಳಿಯದ ದೇಶದ್ದನ್ನೇ ಕೇಳಿ ತಾ.

(ಕಲಿಸಿ, ಇಲ್ಲಿಂದ ಬಿಡು.) ಆ ಶುಕ್ರವಾರದ ಚಿತ್ರ ಹಿಮದೂರಿನದು. ಒಬ್ಬ ಗಂಡಸು, ಒಬ್ಬ ಹೆಂಗಸು, ನದಿ ದಾಟಿಸುವ ದೋಣಿ. ಮುಂಚೆ ಅರ್ಧ ನೋಡಿಟ್ಟುಕೊಂಡು ಸಾಕು ಅಂತ ಎದ್ದಿದ್ದೆ. ಒಂದೇ ಸೂರು, ಒಂದೇ ಬೆಂಚು, ಒಂದೇ ಪಾತ್ರೆಯಲ್ಲಿ ಊಟ. ಅವಳು ಅವನ ಒದ್ದೆ ಕಾಲುಚೀಲ ಒಲೆಯ ಮೇಲೆ ಒಣಹಾಕುತ್ತಾಳೆ, ಅವನು ಅವಳ ತಲೆಗೆ ಬಟ್ಟೆ ಕಟ್ಟುತ್ತಾನೆ. ನಮ್ಮಲ್ಲಿ ಗಂಡ ಹೆಂಡತಿಯಲ್ಲದೆ ಹೀಗೆ ಇನ್ಯಾರು ಇರುತ್ತಾರೆ ಹೇಳು? ಹೊಸದಾಗಿ ಮದುವೆಯಾದವರು ಅಂತ ಸಾರಿಬಿಟ್ಟೆ. "ಚಳಿ ಗಿಳಿ ಎಲ್ಲಾ ಸುಳ್ಳು, ಹತ್ರ ಕೂರೋಕೆ ನೆಪ!" ಅಂದೆ. "ಒಲೆಗೆ ಕಟ್ಟಿಗೆ ಸಾಕು ಕಣಮ್ಮ, ಅವನೇ ಕೆಂಡ ಆಗಿದಾನೆ!" ಅಂದೆ. ಹಾಲು ಬಿದ್ದು ಬಿದ್ದು ನಕ್ಕಿತು. ಪಾದ್ರಿಗಳ ಹೆಂಡತಿ ಬೀಸಣಿಗೆ ಮರೆಯಲ್ಲಿ ಕುಲುಕಾಡುತ್ತಿದ್ದರು. ಕೊನೆಗೆ ದೋಣಿಯಿಂದ ಒಬ್ಬಳು ಮುದುಕಿ ಇಳಿದಳು, ಇಬ್ಬರ ಹಣೆಗೂ ಮುತ್ತು ಕೊಟ್ಟಳು, ಗೋಡೆಗೆ ಒಂದು ಹಳೇ ಫೋಟೋ ತೂಗುಹಾಕಿದಳು. ಫೋಟೋದಲ್ಲಿ ಅವಳ ಮಡಿಲಲ್ಲಿ ಇಬ್ಬರು ಮಕ್ಕಳು. ಹುಡುಗನಿಗೆ ಆ ಗಂಡಸಿನದೇ ಸೀಳಿದ ಹುಬ್ಬು, ಹುಡುಗಿಗೆ ಕೆನ್ನೆಯಲ್ಲಿ ಆ ಹೆಂಗಸಿನದೇ ಮಚ್ಚೆ. ಹೆಂಗಸರ ಕಡೆಯಿಂದ ಒಂದು ದನಿ ಬಂತು: "ಅಯ್ಯೋ ದೇವರೇ, ಅಕ್ಕ ತಮ್ಮ!" ಬೀಸಣಿಗೆ ಮುಖಕ್ಕೆ ಹೋಯಿತು. ಗಂಡಸರು ನೆಲ ನೋಡಿದರು. ಸೆಮಿಸಿ ಮಾತ್ರ ಮೆಲ್ಲಗೆ "ಕೆಪು, ಆ ಮೈಕು ನುಂಗಿಬಿಡು" ಅಂದ. ದೀಪ ಹಾಕುವಷ್ಟರಲ್ಲಿ ಹಾಲು ಖಾಲಿ. (ಬಿಡುವುದು ಇಲ್ಲಿಗೆ ಮುಗಿಯಿತು.)

ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ ಅಕ್ಕಾ. ಬಂದರಿಗೆ ಹೋಗುತ್ತೇನೆ, ಏನಕ್ಕೆ ಬಂದೆ ಅಂತ ಮರೆತು ವಾಪಸು ಬರುತ್ತೇನೆ. ಹರಿಯದ ಬಲೆ ಬಿಚ್ಚಿ ಮತ್ತೆ ಹೆಣೆಯುತ್ತೇನೆ. ನನ್ನ ಹೆಂಡತಿ ಲೊಸಲಿನಿ "ಕಾಲಿಗೆ ಇರುವೆ ಹತ್ತಿದೆಯಾ ನಿಂಗೆ?" ಅನ್ನುತ್ತಾಳೆ. ಆ ಚಿತ್ರವನ್ನು ಸರಿಯಾಗಿ ಇನ್ನೊಮ್ಮೆ ಹೇಳುವವರೆಗೆ ಬೇರೆ ಯಾವುದಕ್ಕೂ ಮೈಕು ಮುಟ್ಟಬೇಡ ಅಂತ ಪಾದ್ರಿಗಳು ಅಪ್ಪಣೆ ಮಾಡಿದ್ದಾರೆ. ಸರಿ, ಒಂದು ಮಧ್ಯಾಹ್ನ ಒಬ್ಬನೇ ಕೂತು ಮೊದಲಿಂದ ನೋಡಿದೆ. ಅದೇ ಡಿಸ್ಕು, ಆದರೆ ಬೇರೆಯೇ ಚಿತ್ರ! ಅದರಲ್ಲಿ ಅಕ್ಕನಿಗೆ ಜ್ವರ. ತಮ್ಮ ಪಕ್ಕದಲ್ಲಿ ಕೂತು ಏನೋ ಹುಚ್ಚುಕಥೆ ಹೇಳುತ್ತಾನೆ, ಬಾತುಕೋಳಿಯ ಹಾಗೆ ಕತ್ತು ಉದ್ದ ಮಾಡುತ್ತಾನೆ. ಅವಳು ಕೆಮ್ಮು ಬರುವವರೆಗೂ ನಗುತ್ತಾಳೆ. ಅಲ್ಲಿಗೆ ನಿಲ್ಲಿಸಿದೆ. ಮುಂದೆ ನೋಡಲಾಗಲಿಲ್ಲ.

ನಾನು ಈ ದ್ವೀಪದಲ್ಲಿ ಎಲ್ಲರನ್ನೂ ನಗಿಸಿದ್ದೇನೆ ಅಕ್ಕಾ, ಸಾವಿನ ಮನೆಯಲ್ಲೂ ನಗಿಸಿದ್ದೇನೆ. ನಿಮ್ಮನ್ನು ಒಂದು ಸಲವೂ ಇಲ್ಲ. ನಮ್ಮ ರೂಢಿಯಲ್ಲಿ, ತಮ್ಮ ನಾನು ಹಾಲಿನಲ್ಲಿದ್ದರೆ ಅಕ್ಕ ನೀವು ಒಳಗೆ ಬರುವ ಹಾಗಿರಲಿಲ್ಲ. ಎದುರುಮನೆಯ ಮೆಟ್ಟಿಲಲ್ಲಿ ಕೂತು ಹಾಲಿನ ನಗು ಕೇಳುತ್ತಿದ್ದಿರಂತೆ. "ಅವನು ಏನಂದ ಅಮ್ಮಾ?" ಅಂತ ನೀವು ಕೇಳಿದರೆ "ನಿನಗೆ ಹೇಳೋ ಅಂಥದ್ದಲ್ಲ" ಅಂತಿದ್ದೆ ಅಂತ ನಮ್ಮಮ್ಮ ಸಾಯುವ ಮುಂಚೆ ನನಗೆ ಹೇಳಿದಳು. ಊರಿನ ನಗುವಷ್ಟೇ ನಿಮ್ಮ ಪಾಲಿಗೆ ಬಂತು, ಮಾತು ಬರಲಿಲ್ಲ.

ಹೋದ ಭಾನುವಾರ ಫೋನಿನಲ್ಲಿ "ಕಣ್ಣು ಕಾಣದವಳು ಊರಿಗೆ ಬಂದು ಏನು ನೋಡ್ಲಿ? ಇನ್ನು ಬರಲ್ಲ ಕೆಪು" ಅಂದಿರಿ. ನಾನು "ಸರಿ ಅಕ್ಕಾ, ಇಲ್ಲಿ ಮಳೆ ಬಂತು" ಅಂದೆ. ನಿಮ್ಮ ದನಿ ಕೇಳಿದರೆ ನನ್ನ ನಾಲಿಗೆ ಚರ್ಚಿನಲ್ಲಿ ಕೂತ ಹಾಗೆ ಕೂತುಬಿಡುತ್ತದೆ. ಫೋನಿಟ್ಟು ಬಕೆಟ್ಟು ಒದ್ದೆ, ಹೆಬ್ಬೆರಳು ಇನ್ನೂ ಊದಿದೆ. ಸರಿ ಅಲ್ಲ ಅಕ್ಕಾ, ಒಂದು ಚೂರೂ ಸರಿ ಅಲ್ಲ. ಅವತ್ತು ಹಾಲಿನಲ್ಲಿ ಅಷ್ಟೂ ಜನಕ್ಕೆ ಒಳ್ಳೆ ಕಣ್ಣಿದ್ದವು. ಏನು ಕಂಡರು? ನಾನು ಹೇಳಿದ್ದನ್ನೇ ಕಂಡರು! ಇಂಥ ಚಿತ್ರಕ್ಕೆ ಕಣ್ಣಿದ್ದವರೂ ಒಂದೇ, ಇಲ್ಲದವರೂ ಒಂದೇ.

ಲೊಸಲಿನಿಯ ಪ್ರಣಾಮಗಳು. ಸೆಮಿಸಿ ಒಣಮೀನು ಕಳಿಸುತ್ತೇನೆ ಅಂದಿದ್ದಾನೆ, ನಂಬಬೇಡಿ. ದೇವರು ನಿಮ್ಮ ಕಣ್ಣಿನ ಮೇಲೆ ಕೈಯಿಟ್ಟಿರಲಿ.

ನಿಮ್ಮ ತಮ್ಮ,
ಕೆಪು

ಮತ್ತೆ: ಮುಖ್ಯವಾದದ್ದೇ ಬಿಟ್ಟಿದ್ದೆ. ಅಕ್ಕ ತಮ್ಮ ಒಂದೇ ಸೂರಿನಡಿ ಸಿನಿಮಾ ನೋಡಬಾರದು, ಒಪ್ಪಿದೆ. ತಮ್ಮ ಸೂರಿನ ಹೊರಗಿದ್ದು, ದನಿ ಮಾತ್ರ ಒಳಗೆ ಬಂದರೆ? ಪಾದ್ರಿಗಳನ್ನು ಕೇಳಿದೆ. ಗಡ್ಡ ಕೆರೆದುಕೊಂಡು, ಹೆಂಡತಿಯ ಮುಖ ನೋಡಿ, "ಅದಕ್ಕೆ ಅಡ್ಡಿಯಿಲ್ಲಪ್ಪ" ಅಂದರು. ಮೈಕಿಗೆ ಉದ್ದದ ವೈರು ಹಾಕಿಸಿದ್ದೇನೆ. ನಾನು ಹೊರಗೆ ದಿವಿಹಲಸಿನ ಮರದಡಿ ನಿಂತು ಕಿಟಕಿಯಿಂದ ಪರದೆ ನೋಡಿ ಹೇಳುತ್ತೇನೆ. ನೀವು ಒಳಗೆ, ಮುಂದಿನ ಚಾಪೆಯಲ್ಲಿ. ಸೆಮಿಸಿಗೆ ಜಾಗ ಬಿಡಲು ಹೇಳಿಯಾಗಿದೆ. ಈ ಸಲ ಹೊರಗೆ ಕೂತು ನಗು ಕೇಳುವ ಸರದಿ ನನ್ನದು. ಕ್ರಿಸ್‌ಮಸ್ಸಿಗೆ ಬನ್ನಿ, ಅಲ್ಲಿಯವರೆಗೆ ಮೈಕು ಮುಟ್ಟುವುದಿಲ್ಲ. ಲೊಸಲಿನಿ ಕೂಗುತ್ತಿದ್ದಾಳೆ, "ಗೆಣಸು ಆರ್ತಾ ಇದೆ, ಬರ್ತೀಯೋ, ನಾಯಿಗೆ ಹಾಕ್ಲೋ?" ಅಂತ. ಕಲಿಸಿ, ಬಿಡು ಅಂದೆನಲ್ಲ, ಅದನ್ನೂ ಅಮ್ಮನಿಗೆ ಓದಿಬಿಡು. ನಿಧಾನವಾಗಿ ಓದು. ಅಮ್ಮ ನಕ್ಕಳಾ ಅಂತ ಬರಿ. ಬಂದೆ ಕಣೇ, ಬಂದೆ!