ಲೈಸೆನ್ಸಿನ ಮೇಲಿರುವ ಹೆಸರು

ಪಾವಗಡ
17-6-2025

ಬಡವನಹಳ್ಳಿಯ ರಂಗೇಶ್ ಅವರಿಗೆ,

ಕ್ಷೇಮ ವಿಚಾರಿಸುವ ಮನಸ್ಸಿಲ್ಲ, ಅದಕ್ಕೆ ವಿಚಾರಿಸುತ್ತಿಲ್ಲ. ನಿಮ್ಮ ನಂಬರ್ ಬ್ಲಾಕ್ ಮಾಡಿರುವುದರಿಂದ ಈ ಕಾಗದ ರಿಜಿಸ್ಟರ್ ಅಂಚೆಯಲ್ಲಿ ಬರುತ್ತಿದೆ.

ನಿಮ್ಮ ಸೋದರಮಾವ ದಾಸಯ್ಯನವರು ಬಂದಿದ್ದರು. ನನ್ನ ಹೆಸರಿನಲ್ಲಿರುವ ಮೆಡಿಕಲ್ ಸ್ಟೋರಿನ ಲೈಸೆನ್ಸನ್ನು ನಿಮ್ಮ ತಮ್ಮ ನವೀನನ ಹೆಸರಿಗೆ ವರ್ಗಾಯಿಸಲು ನಾನು ಸಹಿ ಹಾಕಬೇಕಂತೆ. "ಗಾಡಿ ಆರ್‌ಸಿ ಬುಕ್ಕಲ್ಲಿ ಹೆಸ್ರು ಬದ್ಲಾಯಿಸ್ದಂಗೆ ಕಣಮ್ಮ, ಒಂದು ಸೈನು ಆಕ್ಬುಡು" ಎಂದರು. ಪಾಪ, ಅವರಿಗೇನು ಗೊತ್ತು. ನಿಮಗಾದರೂ ಗೊತ್ತಿರಬೇಕಿತ್ತು. ತುಮಕೂರಿನ ಔಷಧ ನಿಯಂತ್ರಣ ಕಚೇರಿಗೇ ಹೋಗಿ ಕೇಳಿ ಬಂದೆ. ಔಷಧಿ ಮಾರುವ ಲೈಸೆನ್ಸು ಒಬ್ಬರಿಂದ ಒಬ್ಬರಿಗೆ ವರ್ಗವಾಗುವುದಿಲ್ಲ. ಮಾಲೀಕರು ಬದಲಾದರೆ ಹೊಸದಾಗಿ ಅರ್ಜಿ ಹಾಕಬೇಕು, ಫಾರ್ಮಸಿ ಓದಿದವರೊಬ್ಬರು ಅಂಗಡಿಯಲ್ಲಿ ಇರಲೇಬೇಕು. ನವೀನ ಓದಿರುವುದು ಬಿ.ಎ., ಅದರಲ್ಲೂ ಎರಡು ವಿಷಯ ಇನ್ನೂ ಬಾಕಿ.

ಓದಿದವನಾಗಿದ್ದರೂ ನಾನು ಸಹಿ ಹಾಕುತ್ತಿರಲಿಲ್ಲ. ಫೆಬ್ರವರಿಯಲ್ಲಿ ನಾನು ಹೊಳವನಹಳ್ಳಿಗೆ ಅಕ್ಕನ ಮಗಳ ಸೀಮಂತಕ್ಕೆ ಹೋಗಿದ್ದೆ. ಅಂಗಡಿ ತೆರೆಯಬೇಡಿ ಎಂದು ಹೇಳಿಯೇ ಹೋಗಿದ್ದೆ. ನೀವು ತೆರೆದಿರಿ, ನವೀನನನ್ನು ಕೂರಿಸಿದಿರಿ. ಆ ಮಹಾಶಯ ಹೆತ್ತ ತಾಯಿಗೇ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಾಲ್ಕು ಪಟ್ಟು ಜೋರಿನದ್ದು ಕೊಟ್ಟ. ಅತ್ತೆ ಪ್ರಜ್ಞೆ ತಪ್ಪಿ ಮಧುಗಿರಿಯ ಆಸ್ಪತ್ರೆ ಸೇರಿದರೆಂದು ಕೇಳಿ ನಾನು ಅಲ್ಲಿಗೇ ಓಡಿ ಬಂದೆ. ಮಾತ್ರೆ ಕೊಟ್ಟವರು ಯಾರೆಂದು ಡಾಕ್ಟರ್ ಕೇಳಿದಾಗ ನನ್ನೆದುರೇ ನೀವು ಏನೆಂದಿರಿ? "ನನ್ನ ಹೆಂಡ್ತೀನೇ ಕೊಟ್ಟಿದ್ದು ಸಾರ್, ಓದ್ಕಂಡಿರೋಳು ಅವ್ಳೇ." ಅತ್ತೆ ಪಕ್ಕದಲ್ಲೇ ಮಲಗಿದ್ದರು, ಎಚ್ಚರವಾಗಿದ್ದರು, ಒಂದು ಮಾತೂ ಆಡಲಿಲ್ಲ. ನಿಮ್ಮ ಸುಳ್ಳಿಗಿಂತ ಆ ಮೌನವೇ ನನ್ನನ್ನು ಹೆಚ್ಚು ಸುಟ್ಟಿತು. ಮಾರನೆಯ ದಿನವೇ ತವರಿನ ಬಸ್ಸು ಹತ್ತಿದೆ. ಅಂದಿನಿಂದ ಅಂಗಡಿ ಮುಚ್ಚಿದೆ. ಸಂತೋಷ.

ಈಗ ಸಹಿ ಹಾಕದಿದ್ದರೆ ಆ ಮಾತ್ರೆ ಕೊಟ್ಟವಳು ನಾನೇ ಎಂದು ಹೋಬಳಿಗೆಲ್ಲ ಸಾರುತ್ತೀರಂತೆ. ಧಾರಾಳವಾಗಿ ಸಾರಿಕೊಳ್ಳಿ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುವ ಮಾತು ನಿಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು. ಇನ್ನೊಂದು ಮಾತೂ ಹೇಳಿ ಕಳಿಸಿದ್ದೀರಿ. "ಕಟ್ಟಡ ನಮ್ಮವ್ವಂದು. ಲೈಸೆನ್ಸ್ ಇಟ್ಕಂಡು ಉಪ್ಪಿನ್ಕಾಯಿ ಆಕ್ತಾಳಾ?" ಈ ಒಂದು ಮಾತು ಮಾತ್ರ ನಿಜ, ಒಪ್ಪುತ್ತೇನೆ. ಲೈಸೆನ್ಸು ಆ ಜಾಗಕ್ಕೇ ಕೊಟ್ಟಿರುವುದು. ಜಾಗವಿಲ್ಲದೆ ನಾನು ಒಂದು ಕೆಮ್ಮಿನ ಸಿರಪ್ಪನ್ನೂ ಮಾರುವಂತಿಲ್ಲ. ಆದರೆ ಒಂಬತ್ತು ವರ್ಷ ಆ ಕೌಂಟರಿನ ಹಿಂದೆ ನಿಂತವಳು ನಾನು. ಜನ ಮಾತ್ರೆ ನುಂಗಿದ್ದು ನನ್ನ ಹೆಸರಿನ ಮೇಲಿನ ನಂಬಿಕೆಯಿಂದ. ಆ ಹೆಸರನ್ನು ನಿಮ್ಮ ಮನೆಯವರಿಗೆ ಬಿಟ್ಟುಕೊಡುವುದಿಲ್ಲ.

ದಾಸಯ್ಯನವರು ಬಿಟ್ಟುಹೋದ ಕಾಗದಗಳನ್ನು ಸಹಿ ಇಲ್ಲದೆ ಇದರೊಂದಿಗೆ ಇಟ್ಟಿದ್ದೇನೆ.

ಇಂತಿ,
ಶೃತಿ, ಡಿ.ಫಾರ್ಮ್

ವಿ.ಸೂ.: ಶನಿವಾರ ಇಲ್ಲಿನ ಶನಿಮಹಾತ್ಮನ ದರ್ಶನಕ್ಕೆಂದು ಹೊರಟ ನಿಮ್ಮ ತಾಯಿ ಗುಡಿಗಿಂತ ಮೊದಲು ನಮ್ಮ ಮನೆಗೆ ಬಂದಿದ್ದರು. "ಮಗ ಅಂತ ಅವತ್ತು ಬಾಯಿ ಮುಚ್ಕಂಡೆ ಕಣಮ್ಮ. ನಾಲ್ಕು ತಿಂಗ್ಳಿಂದ ತಿಂದಿದ್ದು ಮೈಗತ್ತಿಲ್ಲ" ಎಂದು ಅತ್ತರು. ನಾನು ಸಮಾಧಾನ ಮಾಡಲಿಲ್ಲ, ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಸೋಮವಾರ ಇಬ್ಬರೂ ಇಲ್ಲಿನ ನೋಂದಣಿ ಕಚೇರಿಗೆ ಹೋಗಿ ಕರಾರು ಪತ್ರ ಮಾಡಿಸಿದೆವು. ಅಂಗಡಿಯನ್ನು ಹತ್ತು ವರ್ಷಕ್ಕೆ ನನಗೆ ಬಾಡಿಗೆಗೆ ಕೊಟ್ಟು ಹೆಬ್ಬೆಟ್ಟು ಒತ್ತಿದ್ದಾರೆ. ಬೀಗದ ಕೈ ಅವರ ಹತ್ತಿರ ಕೊಡಿ. ಒಂದನೇ ತಾರೀಖು ಬಾಗಿಲು ತೆರೆಯುತ್ತೇನೆ.