ಕಡಲಹೂವಿಗೆ ತಾಯತ

ಶಹಾಪುರ
ಏಪ್ರಿಲ್ ೧೯, ಭಾನುವಾರ

ನನ್ನ ಮೊಮ್ಮಗ ಏಜಾಜನಿಗೆ ದಾದಿಯ ದುವಾ.

ಮೈಯಲ್ಲಿ ಹುಷಾರಿದ್ದೀಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಎಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆಲ್ಲ ಬೆವರುಸಾಲೆ ಎದ್ದಿದೆ ಎಂದು ಹಿಂದಿನ ಫೋನಿನಲ್ಲಿ ನೀನೇ ಹೇಳಿದ್ದೆ, ಹೋಯಿತೇ ಇಲ್ಲವೇ? ಆ ಫೋನು ಬಂದು ಇವತ್ತಿಗೆ ಮೂವತ್ತೇಳು ದಿನ. ನಿನ್ನ ಅಪ್ಪ ಜಲಾಲುದ್ದೀನ ದಿನ ಬಿಟ್ಟು ದಿನ ಮುಂಬೈಯ ಹಡಗು ಕಂಪನಿಗೆ ಫೋನು ಹಚ್ಚುತ್ತಾನೆ. "ಹಡಗಿನ ಸಂಪರ್ಕ ಸಿಗುತ್ತಿಲ್ಲ, ಕಾಯಿರಿ" ಎಂಬ ಒಂದೇ ಮಾತು. ಕಾಯುವುದನ್ನು ನಮಗೆ ಕಲಿಸಲು ಮುಂಬೈಯವರು ಬೇಕೇ? ಅದಕ್ಕೇ ನಾನು ಕಾಗದ ಬರೆಯಲು ಕುಳಿತಿದ್ದು. ಮನೆಯಲ್ಲಿ ಆಡುವುದು ಉರ್ದುವಾದರೂ ಸಗರದ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ನನಗೆ ಹೊಡೆದು ಕಲಿಸಿದ್ದು ಕನ್ನಡ, ಕೈಗೆ ಬರುವುದು ಇದೊಂದೇ ಅಕ್ಷರ. ಬರೆದ ಹಾಳೆಯನ್ನು ನಿನ್ನ ಗೆಳೆಯ ಬಸವಕುಮಾರ ಫೋಟೊ ಹೊಡೆದು ನಿನ್ನ ನಂಬರಿಗೆ ಹಾಕುತ್ತಾನೆ. ಹಿಂದಿನ ಎರಡು ಕಾಗದಕ್ಕೂ ಒಂದೊಂದೇ ಗೀಟು ಬಿದ್ದಿದೆಯಂತೆ. ಎರಡನೆಯ ಗೀಟು ಬಿದ್ದರೆ ಮುಟ್ಟಿದ ಹಾಗೆ ಎಂದ. ಇದಕ್ಕಾದರೂ ಬೀಳಲಿ.

ಈಗ ಮನೆಯ ಸುದ್ದಿ. ಸುದ್ದಿಯೆಂದರೆ ಪಡಸಾಲೆಯ ಗಾಜಿನ ತೊಟ್ಟಿಯದೇ, ಬೇರೆ ಯಾವ ಸುದ್ದಿಗೂ ಈ ಮನೆಯಲ್ಲಿ ಜಾಗವಿಲ್ಲ. ನೀನು ಮುಂಬೈಯಿಂದ ಗಾಳಿ ತುಂಬಿದ ಚೀಲದಲ್ಲಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಯಾದಗಿರಿ ಸ್ಟೇಷನ್ನಿನಲ್ಲಿ ಹಡೆದ ಕೂಸಿನ ಹಾಗೆ ಇಳಿಸಿದೆಯಲ್ಲ, ಆ ಎನಿಮೋನ್. ನನಗದು ಕಡಲಹೂವು. ಹೂವಿನಂತೆ ಕಂಡರೂ ಬಾಯಿ ಇರುವ ಪ್ರಾಣಿ ಅದು ಎಂದು ನೀನೇ ಹೇಳಿದ್ದೆ. ಬೆಲ್ಲದ ಬಣ್ಣದ ಎಸಳು, ತುದಿಗೆ ನೇರಳೆ, ಅದರೊಳಗೆ ಹೊಕ್ಕು ಹೊರಬರುವ ಎರಡು ಕೇಸರಿ ಮೀನು. ಮಾರ್ಚ್ ಇಪ್ಪತ್ತರ ಸುಮಾರಿಗೆ ಅದು ಬಿಳಿಚತೊಡಗಿತು. ಮೊದಲು ತುದಿ, ಆಮೇಲೆ ನಡು, ವಾರದಲ್ಲಿ ಇಡಿಯಾಗಿ ಬೆಳ್ಳಗಾಯಿತು. ಈದ್ ಹಬ್ಬಕ್ಕೆ ಹಾಲಿನಲ್ಲಿ ಬೆಂದ ಶಾವಿಗೆಯನ್ನು ಮರುದಿನ ನೋಡಬೇಕು, ಹಾಗೆ.

ಹೂವು ಬಿಳಿಚಿದರೆ ಬಿಳಿಚಲಿ ಎಂದು ಬಿಡುವವಳು ನಾನು. ಆದರೆ ನಿನ್ನ ಅಮ್ಮಿ ಅನ್ವರಬಿ ಬಿಡಬೇಕಲ್ಲ! ನಿನ್ನ ಫೋನು ನಿಂತ ಮೊದಲ ವಾರದಿಂದಲೇ ಅವಳು ತೊಟ್ಟಿಯ ಮುಂದೆ ಚಾಪೆ ಹಾಸಿಕೊಂಡು ಕುಳಿತವಳು. "ಈ ಹೂವು ಇರೂತನಕ ನನ್ನ ಮಗ ಅದಾನ್ರಿ ಅತ್ತಿ" ಎಂದು ಒಂದು ದಿನ ಹೇಳಿದಳು, ಅಕ್ಕಿ ಮುಗಿದಿದೆ ಎಂದು ಹೇಳುವಷ್ಟು ಸಾದಾ ದನಿಯಲ್ಲಿ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಜೀವ ಇರುತ್ತಿದ್ದ ಕಥೆ ನಾನೇ ನಿನಗೆ ಹೇಳಿದ್ದೆ. ಇವಳು ಅದನ್ನು ತಿರುವಿಹಾಕಿ, ಸಮುದ್ರದಲ್ಲಿರುವವನ ಜೀವ ತಂದು ನಮ್ಮ ಪಡಸಾಲೆಯಲ್ಲಿಟ್ಟಳು. "ಹುಚ್ಚೀ, ಕರೆಂಟ್ ಹೋದ್ರ ಸಾಯೂವಂಥಾದ್ದರಾಗ ಯಾರರ ಮಗನ ಜೀವ ಇಡ್ತಾರೇನ?" ಎಂದು ಬೈದೆ. ಬೈದದ್ದು ತಪ್ಪಾಯಿತು. ಅಂದಿನಿಂದ ಕರೆಂಟ್ ಹೋದಾಗಲೆಲ್ಲ ಅವಳು ಉಸಿರು ಹಿಡಿಯುತ್ತಾಳೆ. ಪಂಪಿನ ಸದ್ದು ಮತ್ತೆ ಶುರುವಾದ ಮೇಲೆಯೇ ಬಿಡುವುದು. ಈ ಬಿಸಿಲಿನಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಎಂಬುದು ನಿನಗೆ ಗೊತ್ತೇ ಇದೆ.

ಯಾದಗಿರಿಯ ತನ್ನ ಸಾಕುಮೀನಿನ ಅಂಗಡಿ ಮುಚ್ಚಿಕೊಂಡು ಬಸವಕುಮಾರ ಬಂದ. ಸಣ್ಣ ಶೀಶೆಯಲ್ಲಿ ತೊಟ್ಟಿಯ ನೀರು ತೆಗೆದು, ಹನಿ ಔಷಧ ಬಿಟ್ಟು, ಬಣ್ಣ ನೋಡಿ ಮುಖ ಸಣ್ಣದು ಮಾಡಿದ. "ನೀರಾಗ ತಾಂಬ್ರ ಬಿದ್ದೈತ್ರಿ ದಾದಿ. ತಾಂಬ್ರದ ಕೊಡದಾಗಿನ ನೀರೇನರ ಹಾಕೀರೇನು?" ಎಂದ. "ನಿನ್ನ ಅಂಗಡ್ಯಾಗಿನ ಉಪ್ಪು ಸರಿ ಐತೇನ ಮೊದಲ ನೋಡ್ಕೊ ಹೋಗು" ಎಂದೆ. ಅವನು ನಕ್ಕ, ಆದರೆ ಕಣ್ಣು ನಗಲಿಲ್ಲ. ನಮಗೆ ಒಳ್ಳೆಯದಾದ ತಾಮ್ರ ಇದಕ್ಕೆ ವಿಷವಂತೆ. ಇದರ ಬಣ್ಣ ಇದರದಲ್ಲ, ಮೈಯೊಳಗೆ ವಾಸವಿರುವ ಸಣ್ಣ ಪಾಚಿಯದು. ವಿಷ ತಾಕಿದರೆ ಬಾಡಿಗೆಯವರನ್ನು ಹೊರಗೆ ಹಾಕಿದ ಹಾಗೆ ಇದು ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಆಮೇಲೆ ಅನ್ನ ಮಾಡಿಕೊಡುವವರಿಲ್ಲದೆ ತಾನೇ ಹಸಿದು ಸಾಯುತ್ತದೆ. ಹೋಗುವಾಗ ಬಾಗಿಲಲ್ಲಿ ಮೆಲ್ಲಗೆ ಹೇಳಿದ: "ಬಾಯಿ ಅಗಲ ಬಿಟ್ಟು, ಕರಗಿ, ನಾರಾಕ ಹತ್ತಿದ್ರ ತಡಾ ಮಾಡಬ್ಯಾಡ್ರಿ, ತೆಗೆದು ಒಗೀರಿ. ಇಲ್ಲಂದ್ರ ಒಂದ ದಿನದಾಗ ತೊಟ್ಟಿ ಎಲ್ಲಾ ಹೋಕ್ಕೈತಿ." ಅಂದಿನಿಂದ ನಿನ್ನ ಅಮ್ಮಿ ಏಳುವ ಮೊದಲೇ ನಾನು ಎದ್ದು, ತೊಟ್ಟಿಯ ಮುಚ್ಚಳ ಎತ್ತಿ ಮೂಸಿ ನೋಡುತ್ತೇನೆ. ಹಾಲು ಒಡೆಯಿತೇ ಎಂದು ಮೂಸಿದ ಮೂಗು ಇದು, ಈಗ ಈ ಕೆಲಸಕ್ಕೆ ಬಿತ್ತು.

ತಾಮ್ರ ಎಲ್ಲಿಂದ ಬಂತು? ಕೊಡ, ಚೆಂಬು, ತಂತಿ ಎಲ್ಲ ನೋಡಿದೆ. ಕೊನೆಗೆ ನಿನ್ನ ಉದ್ದನೆಯ ಚಿಮಟಿಗೆ ಹಿಡಿದು ಕಲ್ಲಿನ ಹಿಂದೆ ಕೆದಕಿದರೆ ಸಿಕ್ಕಿತು: ಕರಿ ದಾರ ಸುತ್ತಿದ ತಾಮ್ರದ ತಾಯತ. ಉಪ್ಪುನೀರಿನಲ್ಲಿ ಹಸಿರು ಕಿಲುಬು ಹಿಡಿದಿತ್ತು. ಯಾರು ಹಾಕಿದ್ದೆಂದು ಕೇಳಬೇಕೇ? ಸುರಪುರಕ್ಕೆ ಅಕ್ಕನ ಮನೆಗೆಂದು ಹೋದವಳು ಅಲ್ಲಿ ಯಾರೋ ದೊಡ್ಡವರ ಕೈಯಿಂದ ನಿನಗಾಗಿ ಬರೆಸಿ ತಂದಿದ್ದಳು. ನೀನು ಹಡಗಿಗೆ ಹೋಗುವಾಗ ಕಟ್ಟಿದ ತಾಯತದ ಜೊತೆ ಇದನ್ನೂ ನಿನ್ನ ಕೊರಳಿಗೆ ಕಟ್ಟಲು ನೀನು ಸಿಗಬೇಕಲ್ಲ, ಅದಕ್ಕೆ ನಿನ್ನ ಜೀವ ಎಲ್ಲಿದೆಯೆಂದು ನಂಬಿದ್ದಳೋ ಅಲ್ಲಿ ಬಿಟ್ಟಿದ್ದಳು. ನಾನು ಸುಮ್ಮನೆ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡೆ. ಹೇಳಲಿಲ್ಲ. ಈ ನಾಲಿಗೆ ಎಪ್ಪತ್ತು ವರ್ಷದಲ್ಲಿ ಒಮ್ಮೆ ಸುಮ್ಮನಿದ್ದದ್ದು ಅದೇ, ಅದೂ ಕೆಟ್ಟ ಹೊತ್ತಿನಲ್ಲಿ. ಮರುದಿನ ತಾಯತ ಕಾಣದೆ ನಿನ್ನ ಅಮ್ಮಿ ಕುಣಿಯುವುದೊಂದು ಬಾಕಿ. "ಕಡಲು ತಗೊಂಡೈತ್ರಿ ಅತ್ತಿ! ಅವಗ ಮುಟ್ಟೈತಿ!" ಎಂದು ಅತ್ತಳು. ಆ ಸಂಜೆಯ ಬಸ್ಸಿಗೇ ಸುರಪುರಕ್ಕೆ ಹೋಗಿ ಇನ್ನೂ ಎರಡು ತಂದಳು. ನನ್ನ ಕಣ್ಣು ತಪ್ಪಿಸಿ ಮರಳಿನೊಳಗೆ ಹುಗಿದಳು.

ಅದಾದ ನಾಲ್ಕನೆಯ ದಿನ ಹೂವು ಕಲ್ಲಿನ ಹಿಡಿತ ಬಿಟ್ಟಿತು. ನೀರಿನ ಸೆಳವಿಗೆ ತಲೆಕೆಳಗಾಗಿ ಉರುಳುತ್ತ, ಬಾಯಿ ತೆರೆದುಕೊಂಡು, ಗಾಜಿಗೆ ಬಂದು ಬಡಿಯಿತು. ಕೇಸರಿ ಮೀನು ಎರಡೂ ಒಂದು ಮೂಲೆಗೆ ಸೇರಿದ್ದವು, ಹತ್ತಿರ ಹೋಗಲಿಲ್ಲ. ನಿನ್ನ ಅಮ್ಮಿಯ ತುಟಿ ಅದಕ್ಕಿಂತ ಬೆಳ್ಳಗಿತ್ತು. ಆಗ ನಾನು ಗಂಟು ಬಿಚ್ಚಿ ಆ ಹಸಿರು ತಾಯತ ಅವಳ ಅಂಗೈಯಲ್ಲಿಟ್ಟೆ. "ಕಡಲು ತಗೊಂಡಿಲ್ಲ, ನಾ ತಗೊಂಡೀನಿ. ಈ ತಾಂಬ್ರನ ಅದನ್ನ ತಿನ್ನಾಕತ್ತೈತಿ. ಇನ್ನೆಷ್ಟು ಹುಗದೀದಿ ತೆಗಿ" ಎಂದೆ. ಅವಳು ತೋಳು ಏರಿಸಿ ಮೊಳಕೈವರೆಗೆ ಕೈ ನೀರಿಗಿಳಿಸಿ ಎರಡನ್ನೂ ತೆಗೆದಳು. ಕೈ ಒರೆಸಿಕೊಳ್ಳದೆ, ನನ್ನ ಮುಖ ನೋಡದೆ ಕೇಳಿದಳು: "ಹಂಗಾದ್ರ ಅವನ ಕೊಳ್ಳಾಗಿಂದು? ಅದೂ ತಾಂಬ್ರದ್ದ ಅಲ್ರಿ ಅತ್ತಿ?" "ಮನಶಾರು ಹೂವಲ್ಲ" ಎಂದುಬಿಟ್ಟೆ. ಅದು ಉತ್ತರವೋ ಅಲ್ಲವೋ ನನಗೇ ಗೊತ್ತಿಲ್ಲ ಮಗನೇ. ನಾನು ಬೇರೆ ಕಡೆ ನೋಡುತ್ತಿದ್ದೆ.

ಆಮೇಲಿನದು ಬಾಣಂತನವೇ. ಪಂಪಿನ ಬಾಯಿಗೆ ಸ್ಪಂಜು ಕಟ್ಟಿದೆವು, ಇಲ್ಲದಿದ್ದರೆ ಅದು ಹೂವನ್ನು ಎಳೆದು ಕೊಚ್ಚಿಹಾಕುತ್ತದೆ. ತಾಮ್ರ ಹೀರಲು ಇದ್ದಿಲಿನ ಚೀಲ ಇಳಿಬಿಟ್ಟು, ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲಿಸಿದೆವು. ತೊಟ್ಟಿಯ ಮೇಲಿನ ನಿನ್ನ ನೀಲಿ ದೀಪ ಬೇನೆಬಿದ್ದದ್ದಕ್ಕೆ ಬೆಂಕಿಯಂತೆ, ಅದಕ್ಕೆ ಗಾಜಿಗೆ ನನ್ನ ಮಲ್‌ಮಲ್ ಓಢಣಿ ಹೊದಿಸಿ, ವಾರಕ್ಕಿಷ್ಟು ಸರಿಸುತ್ತ ಬರುತ್ತಿದ್ದೇವೆ. ಮಧ್ಯಾಹ್ನ ನೀರು ಕಾಯದಂತೆ ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ತೇಲಿಬಿಡುತ್ತೇವೆ. ವಾರಕ್ಕೆರಡು ಸಲ ಜೋಳದ ಕಾಳಿನಷ್ಟು ಸಿಗಡಿ, ಅಷ್ಟೇ. ಹೆಚ್ಚು ಕೊಟ್ಟರೆ ಕಕ್ಕುತ್ತದೆ. ಮೊದಲ ಎರಡು ಸಲ ಕಕ್ಕಿತು. ಮೂರನೆಯ ಸಲ, ಕಳೆದ ಸೋಮವಾರ, ಎಸಳು ಮಡಿಸಿ ಹಿಡಿದು ಮೆಲ್ಲಗೆ ಬಾಯಿಗೆ ಸೇರಿಸಿತು. ಮರುದಿನ ಕಲ್ಲಿಗೆ ಪಾದ ಊರಿ ನಿಂತಿತು. ನಿನ್ನೆ ನೋಡಿದರೆ ಬುಡದಲ್ಲಿ ಚಹಾ ಚೆಲ್ಲಿ ಒರೆಸಿದಂಥ ಒಂದು ಕಲೆ. ಬಣ್ಣ ಮರಳುವ ಗುರುತು ಎಂದ ಬಸವಕುಮಾರ. ಪೂರಾ ಮರಳಲು ಮೂರು ತಿಂಗಳಾದರೂ ಬೇಕಂತೆ.

ನನಗೆ ಸಂತೋಷವಾಗಬೇಕಿತ್ತು. ಆದರೆ ಅದು ಸಾಯುತ್ತಿದ್ದಾಗ ಹೆದರಿದ್ದಕ್ಕಿಂತ ಈಗ ಹೆಚ್ಚು ಹೆದರಿಕೆ. ನಿನ್ನ ಅಮ್ಮಿ ನಿನ್ನೆ ನಿನ್ನ ಗಾದಿಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದಳು. "ಹೂವು ನೆಲಿ ಹಿಡೀತು, ಇನ್ನ ಹುಡುಗ ಬಂದಾಂಗ" ಎಂದು ನೆರೆಯ ಕಸ್ತೂರಿಗೆ ಹೇಳಿ, ಅವಳಿಗೇ ಸೀರೆ ಅಂಚಿನ ಹೊಸ ಕೌದಿ ಹೊಲಿಯಲು ಕೊಟ್ಟಿದ್ದಾಳೆ. ಬದುಕಿಸಿದವಳು ನಾನು. ಈ ನಂಬಿಕೆಗೆ ಸಿಗಡಿ ತಿನ್ನಿಸಿ ಬೆಳೆಸಿದವಳೂ ನಾನೇ. ನಿನ್ನ ಅಪ್ಪ ಮೂರು ದಿನದಿಂದ ಪಡಸಾಲೆಗೇ ಬರುವುದಿಲ್ಲ, ಹಿತ್ತಲ ಬಾಗಿಲಿನಿಂದ ಬಂದು ಹಿತ್ತಲ ಬಾಗಿಲಿನಿಂದಲೇ ಹೋಗುತ್ತಾನೆ.

ನಿನ್ನ ತಲೆಯ ಮೇಲೆ ನನ್ನ ಎರಡೂ ಕೈ ಇವೆ ಎಂದುಕೋ. ನಿನ್ನ ಜೊತೆಯ ಹುಡುಗರಿಗೂ ಸಲಾಮು, ಅವರಿಗೂ ಎಲ್ಲೋ ಒಬ್ಬ ಮುದುಕಿ ಬೈಯುತ್ತ ಕುಳಿತಿರುತ್ತಾಳೆ. ಅಲ್ಲಾಹ ನೀರಿನ ಮೇಲಿದ್ದವರನ್ನು ನೆಲಕ್ಕೆ ಮುಟ್ಟಿಸಲಿ.

ನಿನ್ನ ದಾದಿ
ಜೈತುನಬೀ

ತಾ.ಕ.: ಅವಸರ, ಬಸವಕುಮಾರ ಗಾಡಿ ಚಾಲೂ ಇಟ್ಟು ಬಾಗಿಲಲ್ಲಿ ನಿಂತಿದ್ದಾನೆ. ಗುರುವಾರ ನಿನ್ನ ಅಪ್ಪನಿಗೆ ಕಂಪನಿಯವರೇ ಫೋನು ಮಾಡಿದ್ದರು. ಬೀದಿಗೆ ಹೋಗಿ ಮಾತಾಡಿ ಬಂದು ನನಗಷ್ಟೇ ಹೇಳಿದ. ಗುರುತು ಹೊಂದಿಸಿ ನೋಡಲು ಅವನದೂ ಅಮ್ಮಿಯದೂ ರಕ್ತ ಬೇಕಂತೆ, ಬುಧವಾರ ಯಾದಗಿರಿಗೆ ಬಂದು ಕೊಡಬೇಕಂತೆ. ಅವಳಿಗೆ ಸಕ್ಕರೆ ರೋಗದ ತಪಾಸಣೆ ಎಂದು ಹೇಳಿದ್ದಾನೆ. ತಂದೆತಾಯಿಯ ರಕ್ತ ಯಾರ ಗುರುತಿಗೆಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಿದ್ದ. ಬುಧವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಹೊರಡುತ್ತಾರೆ. ಅದಕ್ಕೂ ಮೊದಲು ಫೋನು ಮಾಡು. ಅಮ್ಮಿಗೆ ಬೇಡ, ನನಗೆ. ಮಾತಾಡಲು ಆಗದಿದ್ದರೆ ಬರೀ ಒಂದು ಮಿಸ್ ಕಾಲ್ ಕೊಡು.